ಏಳನೆಯ ಕತ್ತಿಯ ಹಿಡಿ

ನಮ್ಮ ಮನೆಯಲ್ಲಿ ಏಳು ಕತ್ತಿಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹಿರಿಯದು ನನ್ನ ಮದುವೆಗಿಂತ ಮೂರು ವರ್ಷ ಚಿಕ್ಕದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಏಕೆಂದರೆ ಕತ್ತಿ ಸಂಗ್ರಹಿಸುತ್ತೇನೆ ಎಂದ ಕೂಡಲೇ ಕೇಳಿದವರ ಕಣ್ಣು ಅರಳುತ್ತದೆ. ಇವರ ತಾತ ಯಾವುದೋ ಪಾಳೆಯಗಾರನ ಹತ್ತಿರ ದಳವಾಯಿ ಆಗಿದ್ದಿರಬೇಕು ಎಂದುಕೊಂಡು ನನ್ನ ಮೀಸೆಯ ಕಡೆ ನೋಡುತ್ತಾರೆ. ನಮ್ಮ ತಾತ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುತ್ತಿದ್ದರು. ಅವರು ಜನರ ಕಣ್ಣಲ್ಲಿ ನೀರು ತರಿಸಿದ್ದು ಅಷ್ಟರಿಂದಲೇ.

ನನ್ನ ಕತ್ತಿಗಳೆಲ್ಲ ಹೊಚ್ಚ ಹೊಸವು. ಹನೂರಿನ ಒಂದು ಕುಲುಮೆಯಲ್ಲಿ, ಮುರಿದ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಹುಟ್ಟಿದವು. ಆದರೆ ರೂಪ ಮಾತ್ರ ಸಾವಿರ ವರ್ಷದ ಹಿಂದಿನದು. ಗಂಗರ ಕಾಲದಲ್ಲಿ, ಆಮೇಲೆ ಚೋಳರ ಕಾಲದಲ್ಲಿ, ಈ ಸೀಮೆಯ ಗಂಡಸರು ಯಾವ ಕತ್ತಿ ಹಿಡಿದು ಪ್ರಾಣ ಬಿಟ್ಟರೋ ಅವುಗಳ ನಕಲು. ನಕಲು ಎನ್ನಲು ನನಗೆ ಸಂಕೋಚವಿಲ್ಲ. ಅಸಲು ಕತ್ತಿಗಳನ್ನು ತುಕ್ಕು ಎಂದೋ ತಿಂದು ತೇಗಿದೆ. ಒಂದು ವೇಳೆ ಉಳಿದಿದ್ದರೂ, ಅದು ಯಾರ ಕೊರಳಿನ ಮೇಲೆ ಓಡಾಡಿತ್ತೋ ಎಂಬ ಯೋಚನೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ನನ್ನ ಕತ್ತಿಗಳು ಇದುವರೆಗೆ ತೆಂಗಿನಕಾಯಿ, ತರಕಾರಿ, ಹಲಸಿನ ಹಣ್ಣು ಮತ್ತು ಒಮ್ಮೆ ನನ್ನದೇ ಹೆಬ್ಬೆರಳು, ಇಷ್ಟನ್ನೇ ಕೊಯ್ದಿವೆ.

ಈ ಹುಚ್ಚು ಹಿಡಿದದ್ದಕ್ಕೆ ನನ್ನ ಉದ್ಯೋಗವೇ ಕಾರಣ. ನಾನು ದನದ ಆಸ್ಪತ್ರೆಯ ಕಾಂಪೌಂಡರು. ಹಳ್ಳಿಯವರು ಡಾಕ್ಟ್ರು ಎನ್ನುತ್ತಾರೆ. ನಿಜವಾದ ಡಾಕ್ಟರು ಹತ್ತಿರದಲ್ಲಿಲ್ಲದಿದ್ದರೆ ನಾನು ತಿದ್ದಲು ಹೋಗುವುದಿಲ್ಲ. ಕೊಳ್ಳೇಗಾಲಕ್ಕೆ ನನ್ನನ್ನು ಹಾಕಿದಾಗ ಆ ಊರು ಮದರಾಸಿನ ಮಡಿಲಿನಿಂದ ಮೈಸೂರಿನ ಮಡಿಲಿಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಕಚೇರಿಯ ಬೀರುವಿನಲ್ಲಿ ಅರ್ಧ ಕಾಗದ ತಮಿಳಿನಲ್ಲಿ, ಉಳಿದರ್ಧ ಇಂಗ್ಲಿಷಿನಲ್ಲಿ. ದನಗಳು ಮಾತ್ರ ಮೊದಲಿನಂತೆಯೇ ಎರಡೂ ಭಾಷೆಯ ಬೈಗಳಿಗೆ ಕಿವಿ ನಿಮಿರಿಸುತ್ತಿದ್ದವು. ನಾನು ಸೈಕಲ್ಲಿನ ಹಿಂದೆ ಔಷಧಿಯ ಪೆಟ್ಟಿಗೆ ಕಟ್ಟಿಕೊಂಡು ಮಧುವನಹಳ್ಳಿಯ ಕಡೆಗೆ, ಆ ಕಡೆ ಈ ಕಡೆಗೆ ದೊಡ್ಡರೋಗದ ಚುಚ್ಚುಮದ್ದು ಹಾಕಲು ಹೋಗುತ್ತಿದ್ದೆ. ಊರವರು ದನ ಹೊಡೆದುಕೊಂಡು ಬರುವ ತನಕ ಕೂರಲು ನೆರಳು ಬೇಕು. ನೆರಳಿರುವ ಕಡೆಯಲ್ಲೆಲ್ಲ ಒಂದು ವೀರಗಲ್ಲು ನಿಂತಿರುತ್ತಿತ್ತು.

ವೀರಗಲ್ಲನ್ನು ನೀವೂ ನೋಡಿರುತ್ತೀರಿ. ಮೂರು ಅಂತಸ್ತಿನ ಕಲ್ಲು. ಕೆಳಗಿನ ಅಂತಸ್ತಿನಲ್ಲಿ ಹೊಡೆದಾಟ. ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ರಟ್ಟೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಆಗಲೇ ಲಿಂಗದ ಮುಂದೆ ಕೈಮುಗಿದು ಕೂತಾಗಿದೆ. ಇಷ್ಟು ಚುರುಕಾಗಿ ಪ್ರಮೋಷನ್ ಕೊಡುವ ಇಲಾಖೆಯನ್ನು ನಾನು ಇನ್ನೊಂದು ಕಂಡಿಲ್ಲ. ಈ ವೀರರಲ್ಲಿ ಬಹಳ ಜನ ಸತ್ತದ್ದು ರಾಜ್ಯಕ್ಕಾಗಿ ಅಲ್ಲ, ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬಿಡಿಸಿ ತರಲು ಹೋಗಿ. ದನಕ್ಕಾಗಿ ಬಿಸಿಲಲ್ಲಿ ಬೇಯುವವನಾದ ನನಗೆ ಅವರು ಒಂದು ಬಗೆಯಲ್ಲಿ ಸಹೋದ್ಯೋಗಿಗಳಂತೆ ಕಂಡರು. ನನಗಿಂತ ಸ್ವಲ್ಪ ಹೆಚ್ಚು ನಿಷ್ಠಾವಂತರು, ಅಷ್ಟೆ.

ಹೀಗೆ ಕಾಯುತ್ತ ಕೂತು ನೋಡುತ್ತ ನೋಡುತ್ತ ಒಂದು ವಿಷಯ ಹೊಳೆಯಿತು. ಎಲ್ಲ ಕಲ್ಲಿನಲ್ಲೂ ಅಪ್ಸರೆಯರ ಮುಖ ಒಂದೇ. ಕತ್ತಿಗಳು ಮಾತ್ರ ಬೇರೆ ಬೇರೆ. ಒಂದು ನೆಟ್ಟಗೆ, ಕೋಲಿನಂತೆ. ಒಂದು ಬುಡದಲ್ಲಿ ಸಣ್ಣಗಿದ್ದು ತುದಿಗೆ ಹೋಗುತ್ತ ಅಗಲವಾಗುವುದು. ಇನ್ನೊಂದು ಕುಡುಗೋಲಿನ ದೊಡ್ಡಣ್ಣನ ಹಾಗೆ ಒಳಕ್ಕೆ ಬಾಗಿದ್ದು. ಕಾರಣ ಸುಲಭ. ಕಲ್ಲು ಕೆತ್ತಿದವನು ಅಪ್ಸರೆಯನ್ನು ಕಂಡವನಲ್ಲ, ಕತ್ತಿಯನ್ನು ಕಂಡವನು. ಆ ವೀರನ ಮನೆಯ ಮೂಲೆಯಲ್ಲಿ ಒರಗಿಸಿದ್ದ ಕತ್ತಿಯನ್ನೇ ನೋಡಿ ಕೆತ್ತಿರಬೇಕು ಎನ್ನಿಸಿತು. ಅನ್ನಿಸಿದ್ದೇ ತಡ, ಅಂಥದ್ದೊಂದನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆ ಹುಟ್ಟಿತು. ಔಷಧಿ ಪೆಟ್ಟಿಗೆಯಿಂದ ಬ್ಯಾಂಡೇಜ್ ಬಟ್ಟೆ ತೆಗೆದು ಕತ್ತಿಯ ಉದ್ದ, ಅಗಲ ಅಳೆದೆ. ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿದೆ. ನೂರಾರು ವರ್ಷದ ಎಣ್ಣೆಯ ಜಿಡ್ಡು ಇದ್ದ ಕಲ್ಲು ಕಾಗದವನ್ನು ವಾಪಸು ಕೊಡಲು ಒಪ್ಪಲಿಲ್ಲ. ಅರ್ಧ ಚಿತ್ರ ನನ್ನ ಕೈಯಲ್ಲಿ, ಅರ್ಧ ವೀರನ ಎದೆಯ ಮೇಲೆ ಉಳಿಯಿತು.

ಹನೂರಿನಲ್ಲಿ ಸಿದ್ದಾಚಾರಿ ಎಂಬ ಕಮ್ಮಾರರು ನನಗೆ ಪರಿಚಯ. ಎತ್ತಿಗೆ ಲಾಳ ಕಟ್ಟುವುದರಲ್ಲಿ ಅವರದು ಎತ್ತಿದ ಕೈ; ಲಾಳದ ಮೊಳೆ ತಪ್ಪಿ ಗೊರಸಿಗೆ ಗಾಯವಾದರೆ ಔಷಧಿ ಹಚ್ಚುವುದು ನನ್ನ ಕೆಲಸ. ಹೀಗೆ ನಮ್ಮ ಸ್ನೇಹ ಎತ್ತುಗಳ ಕಾಲಿನ ಮೇಲೆ ನಿಂತಿತ್ತು. ನಾನು ಕಾಗದ ಬಿಚ್ಚಿ ಕತ್ತಿಯೊಂದನ್ನು ಮಾಡಿಕೊಡಿ ಎಂದಾಗ ಅವರು ಚಿತ್ರವನ್ನು ನೋಡಲೇ ಇಲ್ಲ. ನನ್ನ ಮುಖ ನೋಡಿದರು.

"ಏನ್ ಕುಯ್ಯಕೆ ಸಾ?"

ಇದು ಅವರು ಯಾರು ಬಂದರೂ ಕೇಳುವ ಮೊದಲ ಪ್ರಶ್ನೆ. ರಾಗಿ ಕೊಯ್ಯುವುದಕ್ಕೆ ಒಂದು ಹದ, ಕಬ್ಬಿಗೆ ಒಂದು ಹದ, ತೆಂಗಿನ ಗರಿಗೆ ಇನ್ನೊಂದು. ಏನನ್ನು ಕೊಯ್ಯಬೇಕು ಎಂದು ಗೊತ್ತಾಗದೆ ಅವರು ಕಬ್ಬಿಣವನ್ನು ನೀರಿಗೆ ಅದ್ದುವವರಲ್ಲ. ನಾನು ಸ್ವಲ್ಪ ತಡವರಿಸಿ, "ಮನುಷ್ಯರನ್ನು, ಆಚಾರ್ರೇ. ಅಂದರೆ, ಹಿಂದಿನ ಕಾಲದಲ್ಲಿ" ಎಂದೆ.

ಸಿದ್ದಾಚಾರಿ ತಿದಿ ಒತ್ತುವುದನ್ನು ನಿಲ್ಲಿಸಿ ಗಂಭೀರವಾಗಿ ಯೋಚಿಸಿದರು. "ಎಳೇವ್ರನ್ನಾ, ಬಲ್ತೋರನ್ನಾ?"

ಕೊನೆಗೆ ಕಬ್ಬಿಗೂ ತೆಂಗಿಗೂ ನಡುವಿನ ಹದ ಎಂದು ಅವರೇ ತೀರ್ಮಾನಿಸಿದರು. ಹದಿನೈದು ದಿನ ಬಿಟ್ಟು ಹೋದೆ. ನನ್ನ ಬಟ್ಟೆಯ ಅಳತೆಗೆ ಕೂದಲೆಳೆಯಷ್ಟೂ ತಪ್ಪದ ಕತ್ತಿ ಸಿದ್ಧವಾಗಿತ್ತು. ನನ್ನ ಒಂದು ಗೇಣು ಮತ್ತು ನಾಲ್ಕು ಬೆರಳು. ಗಂಗರ ಕಾಲದ ಭಟನೊಬ್ಬ ಇದನ್ನು ಹಿಡಿದು ಯುದ್ಧಕ್ಕೆ ಹೋಗಿದ್ದರೆ ಶತ್ರುಗಳು ಈರುಳ್ಳಿ ತಂದುಕೊಡುತ್ತಿದ್ದರು. ಕಲ್ಲಿನ ಮೇಲಿನ ಮನುಷ್ಯ ಮೊಳದುದ್ದ ಇದ್ದಾನೆ, ಅವನ ಕತ್ತಿಯೂ ಆ ಲೆಕ್ಕದ್ದೇ ಎಂಬುದು ಎಸ್.ಎಸ್.ಎಲ್.ಸಿ. ಪಾಸಾದ ನನಗೆ ಹೊಳೆದಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಸಿದ್ದಾಚಾರಿಗೆ ಮೊದಲೇ ಹೊಳೆದಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, "ಡಾಕ್ಟ್ರು ಅಳ್ತೆ ಕೊಟ್ಟವ್ರೆ, ಅದ್ರಲ್ಲಿ ಏನೋ ಇರ್ಬೈದು ಅಂದ್ಕಂಡಿ" ಎಂದರು. ದೊಡ್ಡವರು ತಪ್ಪು ಮಾಡಿದರೆ ಅದರಲ್ಲೂ ಏನೋ ಅರ್ಥ ಹುಡುಕುವ ನಮ್ಮ ಸೀಮೆಯ ಗುಣವೇ ಈ ಚೋಟು ಕತ್ತಿಯ ಜನ್ಮಕ್ಕೆ ಕಾರಣ.

ಸರಿಯಾದ ಅಳತೆಯ ದಾರಿ ಹೇಳಿಕೊಟ್ಟವರೂ ಅವರೇ. "ಯಾವ್ ಆಳೇ ಆಗ್ಲಿ ಅವ್ನ್ ಕೈಯಲ್ಲಿ ಎಂಟ್ ಗೇಣ್ ತಾನೆ ಸಾ? ಕಲ್ನಲ್ಲಿರೋನ ಎತ್ರ ಎಂಟ್ ಪಾಲ್ ಮಾಡಿ. ಒಂದ್ ಪಾಲೇ ಅವ್ನ್ ಗೇಣು. ಆ ಗೇಣಲ್ಲಿ ಕತ್ತಿ ಅಳೀರಿ." ಆಮೇಲೆ ಮಾಡಿದ ಐದೂ ಕತ್ತಿಗಳು ಈ ಲೆಕ್ಕದಲ್ಲೇ ಹುಟ್ಟಿ ಗಂಡಸರ ಅಳತೆಗೆ ಬಂದವು. ಮೊದಲನೆಯದನ್ನು ನನ್ನ ಹೆಂಡತಿ ಸರೋಜ ಅಡಿಗೆಮನೆಗೆ ಸೇರಿಸಿಕೊಂಡಳು. ಹದ ಎಷ್ಟು ಚೆನ್ನಾಗಿದೆಯೆಂದರೆ ಇಷ್ಟು ವರ್ಷವಾದರೂ ಸಾಣೆ ಕೇಳಿಲ್ಲ.

ಸರೋಜಳಿಗೆ ನನ್ನ ಸಂಗ್ರಹದ ಬಗ್ಗೆ ಇರುವ ಅಭಿಪ್ರಾಯವನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. "ಏನೂಂದ್ರೆ, ಬೇರೆಯವರ ಯಜಮಾನ್ರು ಹೆಂಡ್ತಿಗೆ ಅಂತ ಏನಾದ್ರೂ ತರ್ತಾರೆ. ನೀವು ಸತ್ತೋರ ಸಾಮಾನು ತರ್ತೀರಿ." ಇಷ್ಟು ಅಂದರೂ ಆಯುಧಪೂಜೆಯ ದಿನ ಏಳನ್ನೂ ಸೀಗೇಪುಡಿ ಹಾಕಿ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚುವವಳು ಅವಳೇ. ನನ್ನ ಸಿರಿಂಜಿಗೂ ಹಚ್ಚುತ್ತಾಳೆ. ಅದನ್ನು ಮತ್ತೆ ಕುದಿಸುವುದು ನನ್ನ ಪಾಲು.

ಊರವರಿಗೆ ಕತ್ತಿಗಳ ಸುದ್ದಿ ತಿಳಿದ ಮೇಲೆ ಸಂಗ್ರಹಕ್ಕೆ ಒಂದು ಸಾರ್ವಜನಿಕ ಬದುಕು ಶುರುವಾಯಿತು. ನಮ್ಮ ಕಡೆ ಮದುವೆ ಗಂಡು ಶಾಸ್ತ್ರ ಮುಗಿಯುವ ತನಕ ಕೈಯಲ್ಲಿ ಒಂದು ಕಠಾರಿ ಹಿಡಿದಿರಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ದೃಷ್ಟಿ ತಾಗದಿರಲಿ ಎಂದು. ಸಾಧಾರಣವಾಗಿ ಮನೆಯಲ್ಲಿ ಯಾವುದೋ ತುಕ್ಕು ಹಿಡಿದ ಚೂರಿ ಸಿಗುತ್ತದೆ. ಡಾಕ್ಟರ ಮನೆಯಲ್ಲಿ ರಾಜರ ಕತ್ತಿಯೇ ಇರುವಾಗ ಚೂರಿ ಯಾಕೆ? ಲಗ್ನದ ತಿಂಗಳಲ್ಲಿ ನನ್ನ ಗೋಡೆ ಬರಿದಾಗುತ್ತಿತ್ತು. ಎರಡೂವರೆ ಮೊಳದ ಕತ್ತಿಯ ತುದಿಗೆ ಒಂದು ಪುಟ್ಟ ನಿಂಬೆಹಣ್ಣು ಚುಚ್ಚಿಕೊಂಡು, ಅದರ ಭಾರಕ್ಕೆ ಕೈ ನಡುಗುತ್ತ ಹಸೆಯ ಮೇಲೆ ಕೂತ ಗಂಡುಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಹೆಣ್ಣಿನ ಕಡೆಯವರು ಅದನ್ನು ಭಯಭಕ್ತಿ ಎಂದುಕೊಂಡು ಮೆಚ್ಚಿಕೊಳ್ಳುತ್ತಿದ್ದರು. ಕತ್ತಿಗಳು ಹಿಂತಿರುಗುವಾಗ ಅರಿಸಿನ ಮೆತ್ತಿಕೊಂಡು, ಜೊತೆಗೆ ಒಂದು ತೆಂಗಿನಕಾಯಿ, ಎರಡು ಚಿಪ್ಪು ಬಾಳೆಹಣ್ಣು ಕರೆತರುತ್ತಿದ್ದವು. ಯುದ್ಧಕ್ಕೆ ಹೋದ ಕತ್ತಿಗಳು ಇಷ್ಟು ಸಂಭ್ರಮದಿಂದ ಮನೆಗೆ ಬಂದದ್ದುಂಟೋ ಇಲ್ಲವೋ ಕಾಣೆ.

ಬಸ್ಸಿನ ವಿಷಯವನ್ನೂ ಹೇಳಬೇಕು. ಹನೂರಿನಿಂದ ಹೊಸ ಕತ್ತಿಯನ್ನು ಚಾಪೆಯಲ್ಲಿ ಸುತ್ತಿ ತರುವಾಗ ಬಸ್ಸು ಮಾದೇಶ್ವರನ ಬೆಟ್ಟದಿಂದ ಇಳಿದ ಪರಸೆಯವರಿಂದ ತುಂಬಿರುತ್ತಿತ್ತು. ಒಮ್ಮೆ ಚಾಪೆ ಜಾರಿ ಅಲಗು ಹೊರಗೆ ಇಣುಕಿತು. ಕಂಡಕ್ಟರು ಹಿಂದಕ್ಕೆ ಸರಿದ. ಅಜ್ಜಿಯೊಬ್ಬರು ನನ್ನನ್ನು ಯಾವುದೋ ದೇವರಿಗೆ ದೀಕ್ಷೆ ಹೊತ್ತ ಗುಡ್ಡನೆಂದು ತಿಳಿದು ಎದ್ದು ಸೀಟು ಬಿಟ್ಟುಕೊಟ್ಟರು. ಬೇಡ ಎಂದರೂ ಕೇಳದೆ ನನ್ನ ಹಣೆಗೆ ವಿಭೂತಿ ಬಳಿದರು. ನಾನು ಕೊಳ್ಳೇಗಾಲದವರೆಗೆ ಕಣ್ಣು ಮುಚ್ಚಿಕೊಂಡು ಕೂತೆ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಕಾಲಿಗೆ ಹಾಯಾಗಿತ್ತು.

ಇಷ್ಟು ಸುಖದ ನಡುವೆ ಒಂದು ಕೊರಗು ಇತ್ತು. ಅದೇ ಏಳನೆಯ ಕತ್ತಿ. ಅದಕ್ಕೆ ಹಿಡಿ ಇರಲಿಲ್ಲ.

ನನಗೆ ಯಳಂದೂರಿನ ಕಡೆ ವರ್ಗವಾದ ಮೇಲೆ ಹೊನ್ನೂರಿನ ಬಯಲಿನಲ್ಲಿ ಒಂದು ಕಲ್ಲು ಕಂಡೆ. ಕೆಂಪಮ್ಮ ಎಂಬ ಹಿರಿಯಳ ಕಬ್ಬಿನ ಗದ್ದೆಯ ಬದುವಿನಲ್ಲಿ, ತೆಂಗಿನ ಮರದ ಕೆಳಗೆ. ನಾನು ನೋಡಿದ ಕಲ್ಲುಗಳಲ್ಲೆಲ್ಲ ಅಂಥ ಕೆತ್ತನೆ ಇಲ್ಲ. ಎದೆಯ ಮೇಲಿನ ಸರದ ಮಣಿಗಳನ್ನು ಎಣಿಸಬಹುದಿತ್ತು. ಕತ್ತಿಯ ಅಲಗು ಭುಜದ ಪಕ್ಕದಲ್ಲಿ ಮೇಲೆದ್ದು, ತುದಿಯಲ್ಲಿ ಬಾಳೆಯ ಸುಳಿಯಂತೆ ತುಸು ತಿರುಗಿತ್ತು. ಆದರೆ ಕಲ್ಲು ಎಷ್ಟೋ ಕಾಲದಿಂದ ನೆಲದಲ್ಲಿ ಇಳಿದು ಇಳಿದು, ವೀರ ಸೊಂಟದವರೆಗೆ ಮಣ್ಣಿನಲ್ಲಿ ಹೂತಿದ್ದ. ಕತ್ತಿ ಹಿಡಿದ ಕೈ ಕೆಳಗೆ ಇಳಿದು ಮಣ್ಣಿನೊಳಗೆ ಹೋಗಿತ್ತು. ಬೇರೆ ಕಲ್ಲುಗಳಲ್ಲಿ ಮುಷ್ಟಿಯ ಮೇಲೆ ಕೆಳಗೆ ಹಿಡಿಯ ತಟ್ಟೆ, ತುದಿಯ ಗುಂಡನೆಯ ಗುಬುಟು ಒಂದಿಷ್ಟಾದರೂ ಕಾಣುತ್ತವೆ. ಅದರ ಮೇಲೆ ಉಳಿದದ್ದನ್ನು ಊಹಿಸಬಹುದು. ಇಂಥ ಅಲಗನ್ನು ಕೆತ್ತಿದವನು ಹಿಡಿಯನ್ನು ಇನ್ನೆಷ್ಟು ಚೆನ್ನಾಗಿ ಕೆತ್ತಿರಬೇಡ! ಒಂದೇ ಒಂದು ಮೊಳ ಅಗೆದರೆ ಸಾಕಿತ್ತು.

ಅಗೆಯಬಹುದೇ ಎಂದು ಕೆಂಪಮ್ಮನನ್ನು ಕೇಳಿದೆ. ಆ ಕಲ್ಲು ಅವರ ಮನೆದೇವರು. ಈರಪ್ಪ ಎಂದು ಕರೆಯುತ್ತಾರೆ. ಸೋಮವಾರ ಸೋಮವಾರ ಎಣ್ಣೆ ಹಚ್ಚಿ ಹೂ ಮುಡಿಸುತ್ತಾರೆ.

"ಯಾಕಪ್ಪ ಅಗೀಬೇಕು?" ಎಂದಳು.

"ಕತ್ತಿಯ ಹಿಡಿ ನೋಡಬೇಕು ಅವ್ವ."

"ಸೊಂಟದಿಂದ ಕೆಳ್ಗೆ ಈ ಮಣ್ಣೇ ಅವ್ನ್ ಪಂಚೆ. ಯಾವನೋ ದಾರೀಲಿ ಓಗೋನು ಬಂದು ನಿನ್ ಪಂಚೆ ಎತ್ತಿ ನೋಡ್ತೀನಿ ಅಂದ್ರೆ ಸುಮ್ಕಿದ್ದೀಯಾ?"

ನನ್ನ ಕೈ ನನಗೆ ಗೊತ್ತಿಲ್ಲದೆ ಪಂಚೆಯ ಗಂಟಿನ ಕಡೆ ಹೋಯಿತು. ಕಾಣುವಷ್ಟನ್ನು ಮಾತ್ರ ಅಳೆದುಕೊಂಡು ಹನೂರಿಗೆ ಹೋದೆ. ಸಿದ್ದಾಚಾರಿ ಕಾಣುವ ಅಲಗನ್ನಷ್ಟೇ ಮಾಡಿ, ಹಿಡಿಯೊಳಗೆ ಕೂರಬೇಕಾದ ಭಾಗವನ್ನು ಬಾಲದಂತೆ ಬಿಟ್ಟು, "ಇಡಿ ಸಿಕ್ದಾಗ ತನ್ನಿ" ಎಂದು ಕೊಟ್ಟರು. ಏಳರಲ್ಲಿ ಅದೇ ಎಲ್ಲಕ್ಕಿಂತ ಚೆಲುವಾದ ಅಲಗು. ಅದನ್ನು ಯಾವ ಮದುವೆಗೂ ಕೊಡಲಾಗಲಿಲ್ಲ. ಗಂಡು ಹಿಡಿಯುವುದಾದರೂ ಏನನ್ನು?

ಆಮೇಲೆ ಒಂಬತ್ತು ವರ್ಷ ನಾನು ಕೆಂಪಮ್ಮನ ಗದ್ದೆಗೆ ಅಲೆದೆ. ನನ್ನ ಸರ್ವಿಸ್ಸಿನಲ್ಲಿ ಅಷ್ಟು ಶ್ರದ್ಧೆಯಿಂದ ನೋಡಿಕೊಂಡ ದನಗಳು ಬೇರೆ ಯಾರ ಮನೆಯಲ್ಲೂ ಇಲ್ಲ. ಅವಳ ಎಮ್ಮೆ ಸೀನಿದರೆ ಸಾಕು, ನಾನು ಹಾಜರು. ಒಮ್ಮೆ ಅಲಗನ್ನೇ ತೆಗೆದುಕೊಂಡು ಹೋಗಿ ತೋರಿಸಿದೆ. ಅವಳು ಅದನ್ನು ಈರಪ್ಪನ ಮುಂದೆ ಇಟ್ಟು, ಹೂ ಏರಿಸಿ, ನನ್ನ ಕಡೆ ತಿರುಗಿ, "ಚೆಂದಾಗದೆ. ಆದ್ರೂ ಇಡೀನೇ ಇಲ್ವಲ್ಲ ಡಾಕ್ಟ್ರಪ್ಪ" ಎಂದಳು. ಅದನ್ನೇ ತಾನೆ ನಾನು ಮೊದಲಿನಿಂದ ಹೇಳುತ್ತಿರುವುದು! ಸರೋಜಳನ್ನೂ ಕರೆದುಕೊಂಡು ಹೋದೆ, ಹೆಂಗಸು ಹೆಂಗಸಿನ ಮಾತು ಕೇಳಬಹುದೆಂದು. ಅವರಿಬ್ಬರೂ ಮೊದಲ ದಿನವೇ ಗಳಸ್ಯಕಂಠಸ್ಯರಾಗಿ, ನನ್ನ ಬುದ್ಧಿಯ ಬಗ್ಗೆ ಒಮ್ಮತಕ್ಕೆ ಬಂದರು.

ಕೊನೆಗೆ ಕಲ್ಲನ್ನು ಅಲುಗಿಸಿದ್ದು ನನ್ನ ಭಕ್ತಿಯೂ ಅಲ್ಲ, ವಾದವೂ ಅಲ್ಲ. ನನ್ನ ಮುಲಾಮು. ಆ ವರ್ಷ ಕೆಂಪಮ್ಮನ ಎಮ್ಮೆಗೆ ಕಜ್ಜಿ ಹತ್ತಿತ್ತು. ನಾನು ಬೇವಿನೆಣ್ಣೆಯಲ್ಲಿ ಗಂಧಕ ಕಲಸಿ ನನ್ನದೇ ಪಾಕವೊಂದನ್ನು ತಯಾರಿಸಿ ಹಚ್ಚಿಸಿದೆ. ಗಂಧಕ ಹೆಚ್ಚಾಗಿತ್ತೋ ಏನೋ, ಕಜ್ಜಿ ಇಳಿಯುವುದಿರಲಿ, ತುರಿಕೆ ಇಮ್ಮಡಿಯಾಯಿತು. ಒಂದು ವಾರ ಜೋರು ಮಳೆ ಹಿಡಿದು ಬದುವಿನ ಮಣ್ಣು ಮೆತ್ತಗಾಗಿತ್ತು. ಎಮ್ಮೆ ಹೋಗಿ ಹೋಗಿ ಈರಪ್ಪನಿಗೆ ಬೆನ್ನು ತಿಕ್ಕಿತು. ಒಂದು ದಿನವಲ್ಲ, ನಾಲ್ಕು ದಿನ. ಐದನೆಯ ದಿನ ಈರಪ್ಪ ಹಿಂದಕ್ಕೆ ವಾಲಿಕೊಂಡು ಆಕಾಶ ನೋಡುತ್ತ ನಿಂತ.

ಕೆಂಪಮ್ಮ ಹೇಳಿಕಳಿಸಿದಳು: "ನಿನ್ ಔಸ್ದಿ ನಮ್ ದ್ಯಾವ್ರನ್ನ ಕೆಡವ್ಬುಡ್ತದೆ. ಬಂದು ನಿಲ್ಸು."

ನಾನು ಓಡಿದೆ. ಸರೋಜಳೂ ಹಿಂದೆಯೇ ಬಂದಳು. ಹನೂರಿಗೂ ಸುದ್ದಿ ಕಳಿಸಿದ್ದೆ. ಸಿದ್ದಾಚಾರಿ ಎರಡು ಹಾರೆ ಹೊತ್ತುಕೊಂಡು ಬಸ್ಸಿಳಿದವರೇ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ನಿಜ ಏಳಿ ಸಾ. ಆ ಔಸ್ದಿ ಬೇಕೂಂತ್ಲೇ ಅಂಗೆ ಕಲ್ಸಿದ್ರಾ?" ದೇವರಾಣೆ ಇಲ್ಲ ಎಂದೆ. ಅವರು ನಂಬಲಿಲ್ಲ. ಅವರ ಕಣ್ಣಿನಲ್ಲಿ ನನ್ನ ಬಗ್ಗೆ ಅದುವರೆಗೆ ಕಾಣದ ಗೌರವವೊಂದು ಮೂಡಿತ್ತು.

ಕೆಂಪಮ್ಮ ಕಟ್ಟಳೆಗಳನ್ನು ಮೊದಲೇ ಹೇಳಿದಳು. ಕಲ್ಲನ್ನು ನೆಟ್ಟಗೆ ಮಾಡಿ, ಇನ್ನು ಮೇಲೆ ಇಳಿಯದಂತೆ ಅಡಿಗೆ ಕಲ್ಲು ತುಂಬಿ ಎತ್ತರಿಸಿ ನಿಲ್ಲಿಸುವುದು ಗಂಡಸರ ಕೆಲಸ. ಮೆತ್ತಿದ ಮಣ್ಣನ್ನು ಯಾರೂ ಮುಟ್ಟಕೂಡದು. ಕಲ್ಲು ನಿಂತ ಮೇಲೆ ಗಂಡಸರು ಆಚೆ ಹೋಗಬೇಕು. ಸೀರೆಯ ಮರೆ ಕಟ್ಟಿ, ಅವಳೇ ಮೊದಲು ತೊಳೆಯಬೇಕು. ಈರಪ್ಪನ ಮರ್ಯಾದೆ ಅವಳ ಕೈಯಲ್ಲಿತ್ತು. ನನ್ನ ಒಂಬತ್ತು ವರ್ಷವೂ ಅವಳ ಕೈಯಲ್ಲೇ ಇತ್ತು.

ಗದ್ದೆಯ ನಾಲ್ಕು ಆಳುಗಳು ಹಗ್ಗ ಹಾಕಿ ಎಳೆದರು. ಸಿದ್ದಾಚಾರಿ ಹಾರೆ ಮೀಟಿದರು. ನಾನು ಎಲ್ಲರಿಗೂ ಅಡ್ಡ ಬಂದೆ. ಮಧ್ಯಾಹ್ನದ ಹೊತ್ತಿಗೆ ಈರಪ್ಪ ಸೊಂಟದ ಕೆಳಗೆ ಒಂದು ದೊಡ್ಡ ಮಣ್ಣಿನ ಮುದ್ದೆಯನ್ನು ಕಟ್ಟಿಕೊಂಡು ನೆಟ್ಟಗೆ ನಿಂತ. ನಮ್ಮನ್ನು ಹತ್ತು ಮಾರು ದೂರ ಓಡಿಸಿದರು. ಸೀರೆಯ ಒಂದು ತುದಿಯನ್ನು ಕೆಂಪಮ್ಮನ ಸೊಸೆ ಹಿಡಿದಳು. ಇನ್ನೊಂದು ತುದಿಯನ್ನು ಸರೋಜ ಹಿಡಿದಳು.

ಅನ್ಯಾಯ ನೋಡಿ. ಒಂಬತ್ತು ವರ್ಷ ಹಂಬಲಿಸಿದವನು ಸೀರೆಯ ಈಚೆ. ಸತ್ತವರ ಸಾಮಾನು ಎಂದು ಹಂಗಿಸಿದವಳು ಸೀರೆಯ ಆಚೆ. ಕೊಡದಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಸೀರೆಯ ಮೇಲೆ ಸರೋಜಳ ಮುಖ ಮಾತ್ರ ಕಾಣುತ್ತಿತ್ತು. ನಾನು ಆ ಮುಖವನ್ನು ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗಲೂ ಅಷ್ಟು ಎವೆಯಿಕ್ಕದೆ ನೋಡಿರಲಿಲ್ಲ. ಅವಳು ಕೆಳಗೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಕೆಳಗೆ ನೋಡಿ ತುಟಿ ಕಚ್ಚಿಕೊಂಡಳು. ನಾನು ಕೈಸನ್ನೆಯಲ್ಲಿ ಏನು ಎಂದೆ. ಅವಳು ತಲೆ ಅಲ್ಲಾಡಿಸಿದಳು. ಅದು ಹೌದೋ ಇಲ್ಲವೋ ತಿಳಿಯಲಿಲ್ಲ.

ಅಷ್ಟರಲ್ಲಿ ನೀರಿನ ಸದ್ದು ನಿಂತಿತು. ಆಮೇಲೆ ಕೆಂಪಮ್ಮ ಜೋರಾಗಿ ಅಳುವುದು ಕೇಳಿಸಿತು. ಹಾರೆ ತಗುಲಿ ಕಲ್ಲು ಒಡೆದಿದೆ, ಕೈ ಮುರಿದಿದೆ, ಹಿಡಿಯೂ ಇಲ್ಲ, ದೇವರೂ ಇಲ್ಲ, ಎಲ್ಲ ನನ್ನ ಗಂಧಕದಿಂದ ಎಂದು ಅಲ್ಲೇ ಕುಸಿದು ಕೂತೆ.

"ಕಾಲ್ ಅವೆ ಕಣಪ್ಪಾ!" ಎಂದು ಕೂಗಿದಳು ಕೆಂಪಮ್ಮ. "ಡಾಕ್ಟ್ರಪ್ಪಾ, ನಮ್ ಈರಪ್ಪಂಗೆ ಕಾಲ್ ಅವೆ! ಈ ಮನೆಗ್ ಬಂದಾಗ್ನಿಂದ ಕಾಲಿಗ್ ಬಿದ್ದೆ, ಕಾಲಿಗ್ ಬಿದ್ದೆ. ಒಂದ್ ದಿನಾನೂ ಕಾಲು ಕಾಣ್ನಿಲ್ವಲ್ಲಪ್ಪಾ!"

ಸೀರೆ ಇಳಿಯಿತು. ಅವಳು ಒದ್ದೆ ಮಣ್ಣಿನಲ್ಲಿ ಕೂತು ಆ ಎರಡು ಕಲ್ಲಿನ ಪಾದಗಳನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದಳು. ಮಣ್ಣಿನಲ್ಲಿ ಮಲಗಿದ್ದ ಕಾರಣ ಒಂದಿಷ್ಟೂ ಸವೆಯದ ಪಾದಗಳು. ಬೆರಳು, ಉಗುರು, ಕಾಲ್ಗಡಗ, ಎಲ್ಲ ನಿನ್ನೆ ಕೆತ್ತಿದಂತೆ. ಪಕ್ಕದಲ್ಲಿ ಒಂದು ಹಸು, ಅದರ ಹಿಂದೆ ಬಾಲ ಎತ್ತಿದ ಒಂದು ಕರು. ಸೊಸೆ ನಗುತ್ತಿದ್ದಳು, ಆಳುಗಳು ತಲೆಯ ವಸ್ತ್ರ ತೆಗೆದು ಕೈಮುಗಿದರು. ನನಗೂ ಕಣ್ಣು ತುಂಬಿ ಬಂತು. ನಿಜ ಹೇಳುತ್ತೇನೆ, ಒಂದು ಗಳಿಗೆ ನಾನು ಬಂದದ್ದು ಯಾತಕ್ಕೆಂಬುದೇ ಮರೆತುಹೋಗಿತ್ತು. ಸಿದ್ದಾಚಾರಿ ಮೊಣಕೈಯಿಂದ ತಿವಿದು ನೆನಪಿಸಿದರು.

ನೋಡಿದೆ. ಹಿಡಿ ಇರಲಿಲ್ಲ.

ಅಂದರೆ, ಇತ್ತು, ಕಾಣುತ್ತಿರಲಿಲ್ಲ. ಮಣಿಕಟ್ಟಿನಿಂದ ಹಿಡಿದು ಅಲಗಿನ ಬುಡದವರೆಗೆ ಬಟ್ಟೆ ಸುತ್ತಿತ್ತು. ಕಲ್ಲಿನ ಬಟ್ಟೆ. ಸುತ್ತಿನ ಮೇಲೆ ಸುತ್ತು, ಮಡಿಕೆಯ ಮೇಲೆ ಮಡಿಕೆ, ಕೊನೆಗೆ ಬಿಗಿಯಾಗಿ ಒಂದು ಗಂಟು. ಗಂಟಿನ ಎರಡು ತುದಿಗಳು ಗಾಳಿಗೆ ಹಾರುತ್ತಿರುವಂತೆ ಕೆತ್ತಿದ್ದ ಆ ಪುಣ್ಯಾತ್ಮ. ತಟ್ಟೆಯಿಲ್ಲ, ಗುಬುಟಿಲ್ಲ, ಬೆರಳು ಕೂಡ ಇಲ್ಲ.

ಸಿದ್ದಾಚಾರಿ ಬಗ್ಗಿ ಬೆರಳಾಡಿಸಿದರು. "ಕಬ್ ಕುಯ್ಯೋರು ಕೈಗ್ ಬಟ್ಟೆ ಕಟ್ಕತರಲ್ಲ, ಅಂಗೆ ಕಟ್ಟವ್ನೆ ಸಾ. ಬೆವ್ರಿಗೆ ಜಾರ್ದೆ ಇರ್ಲಿ ಅಂತ." ಗಂಟಿನ ತುದಿಯನ್ನು ಉಗುರಿನಿಂದ ಸವರಿ, "ಒಂದೇ ಕೈಲಿ ಇಷ್ಟ್ ಬಿಗಿ ಗಂಟ್ ಹಾಕಕ್ಕಾಗಕಿಲ್ಲ. ಮನೇವ್ರು ಯಾರೋ ಕಟ್ಟಿ ಕಳಿಸವ್ರೆ" ಎಂದರು.

ಕೆಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಆ ಗಂಟನ್ನು ನೋಡಿದಳು. "ನಮ್ ಮನೆ ಎಣ್ಮಕ್ಳೇ ಕಟ್ಟಿರ್ಬೇಕು" ಎಂದಳು, 'ನೆನ್ನೆ ತಾನೆ' ಎನ್ನುವ ದನಿಯಲ್ಲಿ.

ನನ್ನ ಹೊಟ್ಟೆ ಉರಿಯಬೇಕಾಗಿತ್ತು. ಉರಿಯಲಿಲ್ಲ. ಮೊದಲು ಸರೋಜಳಿಗೆ ನಗು ಬಂತು, ತಡೆಹಿಡಿದಿದ್ದ ನಗು. ಆಮೇಲೆ ನನಗೆ ಬಂತು. ಕೊನೆಗೆ ಕೆಂಪಮ್ಮನೂ ಸೇರಿ, ಆ ಬದುವಿನ ಮೇಲೆ ನಾವು ನಕ್ಕ ನಗುವಿಗೆ ಎಮ್ಮೆ ತುರಿಸಿಕೊಳ್ಳುವುದನ್ನು ನಿಲ್ಲಿಸಿ ನೋಡಿತು. ನಾನು ಒಂಬತ್ತು ವರ್ಷ ಬಯಸಿದ್ದು ಸಿಗಲಿಲ್ಲ; ಕೆಂಪಮ್ಮನಿಗೆ ಕನಸಿನಲ್ಲೂ ಕೇಳಿರದಿದ್ದದ್ದು ಸಿಕ್ಕಿತು. ಒಂದೇ ಗುಂಡಿಯಿಂದ ಎರಡೂ ಬಂದದ್ದರಿಂದ, ನನಗೆ ನಷ್ಟವಾಯಿತೆಂದು ಹೇಳಲು ಬಾಯಿ ಬರುವುದಿಲ್ಲ. ಆ ದಿನ ಅವಳ ಮನೆಯಲ್ಲಿ ಉಂಡ ಹುರುಳಿಸಾರಿನ ರುಚಿ ನಷ್ಟ ಹೊಂದಿದವನ ನಾಲಗೆಗೆ ಹತ್ತುವಂಥದ್ದಲ್ಲ.

ಆಮೇಲೆ ಸಿದ್ದಾಚಾರಿ, ಯಾವುದಾದರೂ ಚೆಂದದ ಹಿಡಿಯೊಂದನ್ನು ಹಾಕಿಕೊಡುತ್ತೇನೆ, ಯಾರಿಗೆ ತಿಳಿಯುತ್ತದೆ ಎಂದರು. ಮನಸ್ಸು ಬರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಟ್ಟರೆ ನಕಲಿಗೂ ಒಂದು ಮಾನ ಇರುತ್ತದೆ. ಏಳನೆಯ ಕತ್ತಿ ಈಗಲೂ ಗೋಡೆಯ ಮೇಲೆ ಬಾಲ ಬಿಟ್ಟುಕೊಂಡೇ ಇದೆ. ಮನೆಗೆ ಬಂದವರು ಗೋಡೆಯ ಬೇರೆ ಐದನ್ನೂ ಬಿಟ್ಟು ನೇರವಾಗಿ ಅದರ ಮುಂದೆಯೇ ನಿಂತು, ಇದರ ಹಿಡಿ ಎಲ್ಲಿ ಎಂದು ಕೇಳುತ್ತಾರೆ.

"ಹೊನ್ನೂರಿನಲ್ಲಿದೆ" ಎನ್ನುತ್ತೇನೆ. "ಹಿಡಿದವನು ಇನ್ನೂ ಬಿಟ್ಟಿಲ್ಲ."